ಕಲ್ಲು ಕೊಯ್ಯುವ ವಜ್ರ

ನಮ್ಮ ಮನೆಯ ಅಡಿಗೆಯ ಕೋಣೆಗೆ ಕರಿಯ ಗ್ರಾನೈಟಿನ ಕಟ್ಟೆಯನ್ನು ಹಾಕಿಸುತ್ತಿದ್ದ ದಿನ ಒಂದು ಸಣ್ಣ ಸಂಗತಿ ನಡೆಯಿತು. ಕಲ್ಲು ಕೊಯ್ಯಲು ಬಂದಿದ್ದ ಹುಡುಗನ ಕೈಯಂತ್ರವು ಮೊದಲು ಒಂದು ಗೇಣು ಸರಾಗವಾಗಿ ಸಾಗಿ, ಆಮೇಲೆ ಮುಂದುವರಿಯದೆ ನಿಂತಿತು. ಬ್ಲೇಡು ತಿರುಗುತ್ತಲೇ ಇದ್ದಿತು. ಕಲ್ಲು ಮಾತ್ರ ಕೊಯ್ಯದು. ಹುಡುಗನು ಮೈಭಾರವನ್ನೆಲ್ಲ ಹಾಕಿ ಒತ್ತಿದನು. ಕಿಡಿ ಹಾರಿತು, ಸುಟ್ಟ ವಾಸನೆ ಬಂದಿತು, ಕಲ್ಲಿನ ಅಂಚಿನಿಂದ ಒಂದು ಚೂರು ಎದ್ದುಹೋಯಿತು. “ವಜ್ರವೆಲ್ಲ ಸವೆದುಹೋಯಿತು ಸ್ವಾಮಿ, ಹೊಸ ಬ್ಲೇಡು ತರಿಸಬೇಕು” ಎಂದನು. ಅಷ್ಟರಲ್ಲಿ ವಯಸ್ಸಾದ ಮೇಸ್ತ್ರಿ ಬಂದು, ವಿದ್ಯುತ್ತಿನ ತಂತಿಯನ್ನು ಕಿತ್ತಿಟ್ಟು, ಬ್ಲೇಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, “ಸವೆದಿಲ್ಲಪ್ಪ, ಕಣ್ಣು ಮುಚ್ಚಿಕೊಂಡಿದೆ, ಅಷ್ಟೆ” ಎಂದನು. ಮೂಲೆಯಲ್ಲಿ ಬಿದ್ದಿದ್ದ ಒರಟಾದ ಸಿಮೆಂಟಿನ ಇಟ್ಟಿಗೆಯೊಂದರಲ್ಲಿ ನಾಲ್ಕಾರು ಗೀರುಗಳನ್ನು ಕೊಯ್ದನು. ಅದೇ ಬ್ಲೇಡು ಮತ್ತೆ ಗ್ರಾನೈಟಿಗೆ ಇಳಿಯಿತು. ಈ ಸಲ ತಡೆಯಿಲ್ಲದೆ ಸಾಗಿತು.

ಗಟ್ಟಿಯಾದ ಕಲ್ಲಿನ ಮುಂದೆ ಸೋತ ಬ್ಲೇಡು ಮೆತ್ತನೆಯ ಇಟ್ಟಿಗೆಯನ್ನು ಕೊಯ್ದು ಹೇಗೆ ಹರಿತವಾಯಿತು? ಕತ್ತಿಯ, ಕುಡುಗೋಲಿನ ಅನುಭವವಿರುವ ನಮಗೆ ಇದು ಒಗಟಿನಂತೆ ತೋರುವುದು ಸಹಜ. ಆದರೆ ವಜ್ರದ ಬ್ಲೇಡುಗಳನ್ನೂ ಸಾಣೆಚಕ್ರಗಳನ್ನೂ ಆರಿಸುವ ವಿದ್ಯೆಯ ಸಾರವೆಲ್ಲ ಈ ಒಗಟಿನಲ್ಲಿಯೇ ಅಡಗಿದೆ. ನಗರಗಳಲ್ಲಿ ಮನೆ ಕಟ್ಟಿಸುವ, ನೆಲಕ್ಕೆ ಹಾಸುಗಲ್ಲು ಹಾಕಿಸುವ ಯಾರಿಗೇ ಆಗಲಿ ಇದನ್ನು ತಿಳಿದಿರುವುದು ಪ್ರಯೋಜನಕರ. ಹಣದ ಉಳಿತಾಯ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದುಂಟು. ಅದನ್ನು ಕಡೆಯಲ್ಲಿ ಹೇಳುತ್ತೇವೆ.

ಮೊದಲು ವಜ್ರದ ವಿಚಾರ. ವಜ್ರವು ಉಳಿದೆಲ್ಲ ರತ್ನಗಳನ್ನೂ ಗೀರುತ್ತದೆ, ತಾನು ಮಾತ್ರ ಯಾವುದರಿಂದಲೂ ಗೀರಿಸಿಕೊಳ್ಳುವುದಿಲ್ಲ ಎಂಬುದನ್ನು ನಮ್ಮ ಪ್ರಾಚೀನ ರತ್ನಪರೀಕ್ಷಕರು ಬಲ್ಲವರಾಗಿದ್ದರು. ರೋಮಿನ ಪ್ಲಿನಿಯು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ, ರತ್ನ ಕೆತ್ತುವವರು ವಜ್ರದ ಚೂರುಗಳನ್ನು ಕಬ್ಬಿಣದಲ್ಲಿ ಕೂರಿಸಿಕೊಂಡು ಕೆಲಸ ಮಾಡುವರೆಂದು ಬರೆದಿದ್ದಾನೆ. ಖನಿಜಗಳ ಕಾಠಿಣ್ಯವನ್ನು ಒಂದರಿಂದ ಹತ್ತರವರೆಗೆ ಗುರುತಿಸುವ ಮೋಸ್ ಎಂಬ ವಿದ್ವಾಂಸನ ಮಾಪಕದಲ್ಲಿ ವಜ್ರಕ್ಕೆ ಹತ್ತನೆಯ ಸ್ಥಾನ. ಮಾಣಿಕ್ಯ, ನೀಲಗಳ ಜಾತಿಯಾದ ಕುರುಂದಕ್ಕೆ ಒಂಬತ್ತನೆಯದು. ಅಂಕಿಗಳಲ್ಲಿ ಅಂತರವು ಒಂದೇ ಆದರೂ, ಬೇರೆ ಕ್ರಮದಿಂದ ಅಳೆದು ನೋಡಿದರೆ ವಜ್ರವು ಕುರುಂದಕ್ಕಿಂತ ಮೂರು ನಾಲ್ಕು ಪಟ್ಟು ಕಠಿಣವಾಗಿರುವುದು ಕಂಡುಬರುತ್ತದೆ. ಆದರೆ ಕಾಠಿಣ್ಯವೇ ಬೇರೆ, ಪೆಟ್ಟು ತಾಳುವ ಶಕ್ತಿಯೇ ಬೇರೆ. ವಜ್ರವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಅದು ಒಡೆಯುತ್ತದೆ. ಈ ಭೇದವನ್ನು ನೆನಪಿನಲ್ಲಿಡತಕ್ಕದ್ದು.

ಇಷ್ಟು ಬೆಲೆಬಾಳುವ ವಸ್ತು ಗಾರೆಯ ಕೆಲಸದವನ ಕೈಚೀಲಕ್ಕೆ ಹೇಗೆ ಬಂದಿತು? ವಜ್ರವು ಇದ್ದಲಿನ ಮೂಲವಸ್ತುವಾದ ಇಂಗಾಲವೇ ಎಂಬುದನ್ನು ಇಂಗ್ಲೆಂಡಿನ ಸ್ಮಿತ್‌ಸನ್ ಟೆನಂಟ್ ಎಂಬ ರಸಾಯನಶಾಸ್ತ್ರಜ್ಞನು 1797ರಲ್ಲಿ ಸಿದ್ಧಪಡಿಸಿದನು. ಹಾಗಾದರೆ ಇಂಗಾಲವನ್ನು ವಜ್ರವಾಗಿ ಮಾರ್ಪಡಿಸಬಾರದೇಕೆ ಎಂದು ಅನೇಕರು ಪ್ರಯತ್ನಿಸಿ ಸೋತರು. ಕೊನೆಗೆ 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಟ್ರೇಸಿ ಹಾಲ್ ಎಂಬುವರು ವಾಯುಮಂಡಲದ ಒತ್ತಡದ ಐವತ್ತು ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ, ಉಕ್ಕು ಕರಗುವಷ್ಟು ಶಾಖದಲ್ಲಿ ಅದನ್ನು ಸಾಧಿಸಿದರು. ಮರುವರ್ಷ ಈ ವಾರ್ತೆ ಪ್ರಕಟವಾಯಿತು. ಸ್ವೀಡನ್ನಿನ ಒಂದು ಸಂಸ್ಥೆ 1953ರಲ್ಲಿಯೇ ವಜ್ರವನ್ನು ತಯಾರಿಸಿದ್ದರೂ ಅದನ್ನು ಆಗ ಬಯಲುಮಾಡಿರಲಿಲ್ಲ. ಈಗ ಬ್ಲೇಡುಗಳಲ್ಲಿ ಇರತಕ್ಕದ್ದು ಬಹುಮಟ್ಟಿಗೆ ಹೀಗೆ ಕಾರ್ಖಾನೆಯಲ್ಲಿ ಹುಟ್ಟಿದ, ಸಕ್ಕರೆಯ ಕಣಕ್ಕಿಂತ ದೊಡ್ಡದಲ್ಲದ ವಜ್ರದ ಹರಳು.

ಬ್ಲೇಡಿನ ರಚನೆಯನ್ನು ನೋಡೋಣ. ನಡುವೆ ಉಕ್ಕಿನ ತಟ್ಟೆ. ಅದರ ಅಂಚಿನಲ್ಲಿ ಕೆಲವು ಮಿಲಿಮೀಟರುಗಳಷ್ಟು ಎತ್ತರದ ಪಟ್ಟಿಯೊಂದನ್ನು ಬೆಸೆದಿರುತ್ತಾರೆ. ಕೆಲಸ ಮಾಡುವುದು ಈ ಪಟ್ಟಿಯೇ. ತಟ್ಟೆಯು ಅದನ್ನು ಹೊತ್ತು ತಿರುಗುವ ವಾಹನ ಮಾತ್ರ. ಕೊಬಾಲ್ಟು, ಕಬ್ಬಿಣ, ತಾಮ್ರ, ತವರ ಮೊದಲಾದ ಲೋಹಗಳ ಪುಡಿಯಲ್ಲಿ ವಜ್ರದ ಹರಳುಗಳನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕಾಯಿಸಿ ಗಟ್ಟಿ ಮಾಡಿದರೆ ಈ ಪಟ್ಟಿಯಾಗುತ್ತದೆ. ಕಡಲೆಬೇಳೆಯನ್ನು ಹಿಡಿದಿಟ್ಟಿರುವ ಬೆಲ್ಲದ ಪಾಕದಂತೆ, ಹರಳುಗಳನ್ನು ಹಿಡಿದಿಟ್ಟಿರುವ ಈ ಲೋಹವನ್ನು ಬಂಧಕವೆಂದು ಕರೆಯೋಣ. ಕೊಳ್ಳುವವರು ಸಾಮಾನ್ಯವಾಗಿ ವಜ್ರದ ಬಗ್ಗೆಯೇ ವಿಚಾರಿಸುತ್ತಾರೆ. ಬಲ್ಲವರು ವಿಚಾರಿಸುವುದು ಬಂಧಕವನ್ನು.

ಏಕೆಂದರೆ ವಜ್ರದ ಬ್ಲೇಡು ಕತ್ತಿಯಂತೆ ಕೊಯ್ಯುವುದಿಲ್ಲ, ಅದು ಅರೆಯುತ್ತದೆ. ಬಂಧಕದಿಂದ ಹೊರಕ್ಕೆ ಮೊನೆ ಚಾಚಿರುವ ಒಂದೊಂದು ಹರಳೂ ಕಲ್ಲನ್ನು ಗೀರಿ, ಒಂದು ಚಿಟಿಕೆ ಪುಡಿಯನ್ನು ಎಬ್ಬಿಸಿ ಮುಂದೆ ಹೋಗುತ್ತದೆ. ಹಾಗೆ ಗೀರುತ್ತ ಗೀರುತ್ತ ಹರಳಿನ ಮೊನೆಯೂ ಮೊಂಡಾಗುತ್ತದೆ, ಒಡೆಯುತ್ತದೆ, ಕಡೆಗೆ ಕಳಚಿ ಬೀಳುತ್ತದೆ. ಅದೇ ಹೊತ್ತಿಗೆ ಕಲ್ಲಿನ ಪುಡಿಯು ಬಂಧಕವನ್ನು ಉಜ್ಜಿ ಸವೆಸಿ, ಒಳಗೆ ಹೂತಿರುವ ಹೊಸ ಹರಳನ್ನು ಬೆಳಕಿಗೆ ತರಬೇಕು. ಹಳೆಯದು ಹೋಗುವುದಕ್ಕೂ ಹೊಸದು ಬರುವುದಕ್ಕೂ ಸರಿಹೊಂದಿದರೆ ಬ್ಲೇಡು ಕಡೆಯವರೆಗೂ ಹರಿತವಾಗಿರುತ್ತದೆ. ಬಂಧಕವು ಸವೆಯದೆ ನಿಂತರೆ ಮೊಂಡಾದ ಹರಳುಗಳೇ ಮೇಲೆ ಉಳಿದು, ಅಂಚು ಗಾಜಿನಂತೆ ನುಣ್ಣಗಾಗುತ್ತದೆ. ಮೇಸ್ತ್ರಿಯು ‘ಕಣ್ಣು ಮುಚ್ಚಿಕೊಂಡಿದೆ’ ಎಂದದ್ದು ಇದನ್ನೇ. ನಮ್ಮ ಮನೆಗಳಲ್ಲಿ ಒರಳುಕಲ್ಲು ಬಳಸಿ ಬಳಸಿ ನುಣುಪಾಗಿ, ಹಿಟ್ಟು ನುರಿಯದಂತಾದಾಗ ಅದನ್ನು ಉಳಿಯಿಂದ ಕುಟ್ಟಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಕಲ್ಲು ಸವೆದುದಕ್ಕೆ ಅಲ್ಲ, ಸಾಕಷ್ಟು ಸವೆಯದೆ ನುಣುಪಾದುದಕ್ಕೆ ಆ ಚಿಕಿತ್ಸೆ. ಸಿಮೆಂಟಿನ ಇಟ್ಟಿಗೆಯ ಒರಟು ಮರಳು ಬ್ಲೇಡಿನ ಬಂಧಕವನ್ನು ಉಜ್ಜಿ ತೆಗೆದು, ಹೊಸ ಹರಳುಗಳ ಕಣ್ಣು ತೆರೆಸಿತು. ಒಗಟು ಬಿಡಿಸಿದಂತಾಯಿತು.

ಇದರಿಂದ ಹೊರಡುವ ಸೂತ್ರವು ಲೋಕರೂಢಿಗೆ ವಿರುದ್ಧವಾಗಿದೆ: ಕಠಿಣವಾದ ಕಲ್ಲಿಗೆ ಮೃದುವಾದ ಬಂಧಕ, ಮೃದುವಾಗಿ ಮರಳುಮರಳಾಗಿರುವ ವಸ್ತುವಿಗೆ ಕಠಿಣವಾದ ಬಂಧಕ. ದಟ್ಟವಾದ ಗಟ್ಟಿ ಕಲ್ಲಿನಿಂದ ಏಳುವ ಪುಡಿ ನಯವಾದದ್ದು. ಅದಕ್ಕೆ ಬಂಧಕವನ್ನು ಸವೆಸುವ ಶಕ್ತಿ ಕಡಮೆ. ಆದುದರಿಂದ ಬಂಧಕವೇ ಸುಲಭವಾಗಿ ಸವೆಯುವಂತಿರಬೇಕು. ಮರಳುಕಲ್ಲು, ಇಟ್ಟಿಗೆ, ಹಸಿಯಾರದ ಕಾಂಕ್ರೀಟು ಮುಂತಾದವುಗಳ ಪುಡಿಯಾದರೋ ಉಪ್ಪುಕಾಗದದಂತೆ ಬಂಧಕವನ್ನು ತಿಂದುಹಾಕುತ್ತದೆ. ಅಲ್ಲಿ ಮೃದುವಾದ ಬಂಧಕವನ್ನು ಹಾಕಿದರೆ ವಜ್ರಗಳು ಕೆಲಸ ಮುಗಿಯುವ ಮೊದಲೇ ಉದುರಿಹೋಗುತ್ತವೆ. ‘ಬಹುಕಾಲ ಬಾಳುವ ಬ್ಲೇಡು ಕೊಡಿ’ ಎಂದು ಕೇಳಿ ಕಠಿಣ ಬಂಧಕದ್ದನ್ನು ತಂದು ಗ್ರಾನೈಟಿಗೆ ಹಚ್ಚಿದವರಿಗೆ, ಅದು ನಿಜವಾಗಿಯೂ ಬಹುಕಾಲ ಬಾಳುತ್ತದೆ—ಕೊಯ್ಯದೆ ಬಾಳುತ್ತದೆ.

ಆಯ್ಕೆಯ ಮೊದಲ ಪ್ರಶ್ನೆ, ಹಾಗಾದರೆ, ‘ಎಂತಹ ಬ್ಲೇಡು?’ ಎಂಬುದಲ್ಲ, ‘ಯಾವ ಕಲ್ಲು?’ ಎಂಬುದು. ನಮ್ಮ ನಾಡಿನ ಕಲ್ಲುಗಳನ್ನೇ ನೋಡಿ. ಇಳಕಲ್ಲಿನ ಕೆಂಪು ಗ್ರಾನೈಟಿನಂತಹ ನಿಜವಾದ ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದಷ್ಟು ಬೆಣಚುಕಲ್ಲು ಸೇರಿರುತ್ತದೆ. ಮೋಸ್ ಮಾಪಕದಲ್ಲಿ ಅದರ ಕಾಠಿಣ್ಯ ಏಳು. ಚಾಮರಾಜನಗರದ ಕಡೆಯ ಪ್ರಸಿದ್ಧವಾದ ಕರಿಯ ಕಲ್ಲನ್ನು ವರ್ತಕರು ಗ್ರಾನೈಟೆಂದು ಕರೆದರೂ ಶಿಲಾಶಾಸ್ತ್ರಜ್ಞರು ಅದನ್ನು ಡಾಲರೈಟ್ ಎನ್ನುತ್ತಾರೆ. ಅದರಲ್ಲಿ ಬೆಣಚು ಅತ್ಯಲ್ಪ. ಆದರೆ ಕಣಗಳು ಸಣ್ಣವಾಗಿ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಪುಡಿ ನಯವಾಗಿ, ಬ್ಲೇಡು ಬೇಗನೆ ನುಣ್ಣಗಾಗುತ್ತದೆ. ಶಹಾಬಾದಿನ ಹಾಸುಗಲ್ಲು ಸುಣ್ಣಕಲ್ಲಿನ ಜಾತಿ. ಅದರ ಮುಖ್ಯ ಖನಿಜದ ಕಾಠಿಣ್ಯ ಮೂರೇ ಮೂರು. ಅಮೃತಶಿಲೆಯದೂ ಅಷ್ಟೆ. ಬಾದಾಮಿಯ ಗುಹೆಗಳನ್ನು ಕೊರೆದಿರುವ ಕಲ್ಲು ಮರಳುಕಲ್ಲು: ಕಣಕಣವೂ ಬೆಣಚು, ಉಜ್ಜುವ ಗುಣ ಹೆಚ್ಚು. ಬೇಲೂರು ಹಳೆಯಬೀಡುಗಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು ಇವೆಲ್ಲಕ್ಕಿಂತ ಮೆತ್ತಗಿನದು. ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾದುದಕ್ಕೆ ಕೈಚಳಕದೊಡನೆ ಕಲ್ಲಿನ ಆಯ್ಕೆಯೂ ಕಾರಣ. ಕಲ್ಲನ್ನು ಅರಿತು ಉಳಿಯನ್ನು ಹಿಡಿದ ಆ ವಿವೇಕವನ್ನೇ ಇಂದು ಬ್ಲೇಡನ್ನು ಕೊಳ್ಳುವಾಗ ನಾವು ತೋರಬೇಕಾಗಿದೆ. ಅಂಗಡಿಯವನಿಗೆ ‘ಕಲ್ಲು ಕೊಯ್ಯಲು’ ಎಂದರೆ ಸಾಲದು. ಕಲ್ಲಿನ ಹೆಸರನ್ನು ಹೇಳಬೇಕು, ಸಾಧ್ಯವಾದರೆ ಚೂರೊಂದನ್ನು ತೋರಿಸಬೇಕು.

ಎರಡನೆಯ ಪ್ರಶ್ನೆ ಅಂಚಿನ ಆಕಾರ. ನಡುನಡುವೆ ಬಿರುಕು ಬಿಟ್ಟು ತುಂಡುತುಂಡಾಗಿರುವ ಅಂಚು ಪುಡಿಯನ್ನು ಹೊರಹಾಕುತ್ತ, ಗಾಳಿಯಾಡಿಸಿಕೊಳ್ಳುತ್ತ ಬೇಗನೆ ಸಾಗುತ್ತದೆ. ಗ್ರಾನೈಟು ಕಾಂಕ್ರೀಟುಗಳಿಗೆ ಅದು ತಕ್ಕದ್ದು. ಬಿರುಕಿಲ್ಲದ ಅಖಂಡವಾದ ಅಂಚು ನಿಧಾನ. ಆದರೆ ಕೊಯ್ದ ಗೆರೆ ಚೊಕ್ಕಟ. ಗಾಜು, ಪಿಂಗಾಣಿಯ ಬಿಲ್ಲೆ, ಮೆರುಗಿನ ಟೈಲು ಇವುಗಳ ಅಂಚು ಚಕ್ಕೆಯೇಳಬಾರದಾದರೆ ಇದನ್ನೇ ಹಿಡಿಯಬೇಕು. ಅಲೆಯಲೆಯಾಗಿ ಗೀರುಗಳಿರುವ ಮೂರನೆಯ ಜಾತಿ ಇವೆರಡರ ನಡುವಣದು. ಹರಳಿನ ಗಾತ್ರವೂ ಹೀಗೆಯೇ: ದಪ್ಪ ಹರಳು ವೇಗಕ್ಕೆ, ಸಣ್ಣ ಹರಳು ನಯಕ್ಕೆ. ಗ್ರಾನೈಟಿಗೆ ಮೆರುಗು ಕೊಡುವವರು 50ರ ಅಂಕಿಯ ಬಿಲ್ಲೆಯಿಂದ ಮೊದಲುಮಾಡಿ 100, 200, 400 ಎಂದು ಏರುತ್ತ 3000ದವರೆಗೆ ಹೋಗುವುದನ್ನು ಕಾಣಬಹುದು. ಅಂಕಿ ಏರಿದಂತೆ ಹರಳು ಸಣ್ಣದಾಗುತ್ತದೆ. ಇನ್ನು ವಜ್ರದ ಸಾಂದ್ರತೆ. ಒಂದು ಘನ ಸೆಂಟಿಮೀಟರಿನಲ್ಲಿ 4.4 ಕ್ಯಾರಟ್ ವಜ್ರವಿದ್ದರೆ ಅದನ್ನು ನೂರು ಎಂದು ಎಣಿಸುವ ಪದ್ಧತಿಯುಂಟು. ನೂರು ಎಂದ ಮಾತ್ರಕ್ಕೆ ಅಂಚೆಲ್ಲ ವಜ್ರಮಯವೆಂದು ಭ್ರಮಿಸಬಾರದು. ಅದು ಗಾತ್ರದಲ್ಲಿ ನಾಲ್ಕನೆಯ ಒಂದು ಪಾಲು ಮಾತ್ರ. ಸಾಂದ್ರತೆ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿಯಾಗಿ ಸರಿಯಲ್ಲ. ಹರಳುಗಳು ಹೆಚ್ಚಾದರೆ ಒಂದೊಂದರ ಮೇಲೂ ಬೀಳುವ ಒತ್ತಡ ಕಡಮೆಯಾಗಿ, ಬಲವಿಲ್ಲದ ಯಂತ್ರದಲ್ಲಿ ಬ್ಲೇಡು ಕಲ್ಲಿನ ಮೇಲೆ ಜಾರತೊಡಗುತ್ತದೆ.

ಮೂರನೆಯ ಪ್ರಶ್ನೆ ಯಂತ್ರದ್ದು. ಪ್ರತಿಯೊಂದು ಬ್ಲೇಡಿನ ಮೇಲೂ ನಿಮಿಷಕ್ಕೆ ಎಷ್ಟು ಸುತ್ತು ಮೀರಬಾರದೆಂಬುದನ್ನು ಅಚ್ಚು ಹಾಕಿರುತ್ತಾರೆ. ಇದು ಅಲಂಕಾರಕ್ಕೆ ಹಾಕಿದ್ದಲ್ಲ. 230 ಮಿಲಿಮೀಟರ್ ಅಡ್ಡಳತೆಯ ಬ್ಲೇಡಿಗೆ ಸಾಮಾನ್ಯವಾಗಿ 6,600 ಸುತ್ತು ಮೇರೆ. ಆಗ ಅದರ ಅಂಚು ಸೆಕೆಂಡಿಗೆ ಸುಮಾರು 80 ಮೀಟರಿನ ವೇಗದಲ್ಲಿ ಓಡುತ್ತಿರುತ್ತದೆ. ಸಣ್ಣ ಕೈಯಂತ್ರಗಳು 11,000 ಸುತ್ತು ತಿರುಗುತ್ತವೆ. ಆಳವಾಗಿ ಕೊಯ್ಯುವ ಆಸೆಯಿಂದ ಕೆಲವರು ಸಣ್ಣ ಯಂತ್ರದ ರಕ್ಷಾಕವಚವನ್ನು ಕಳಚಿ ದೊಡ್ಡ ಬ್ಲೇಡನ್ನು ತೊಡಿಸುತ್ತಾರೆ. ಆಗ ಅಂಚಿನ ವೇಗ ಸೆಕೆಂಡಿಗೆ 130 ಮೀಟರಿಗೂ ಮೀರುತ್ತದೆ. ತಟ್ಟೆಯನ್ನು ಸೀಳಲೆಳಸುವ ಬಲವಾದರೋ ವೇಗದ ವರ್ಗವನ್ನನುಸರಿಸಿ ಬೆಳೆಯುವುದರಿಂದ ಎರಡೂ ಮುಕ್ಕಾಲು ಪಟ್ಟಿನಷ್ಟಾಗುತ್ತದೆ. ಕಳಚಿ ಹಾರಿದ ತುಂಡಿಗೂ ಬಂದೂಕದ ಗುಂಡಿಗೂ ಆಗ ಹೆಚ್ಚು ಭೇದವಿಲ್ಲ. ರಕ್ಷಾಕವಚವನ್ನು ಎಂದಿಗೂ ತೆಗೆಯಬಾರದು. ಬಾಗಿದ ಅಥವಾ ಬಿರುಕು ಬಿಟ್ಟ ತಟ್ಟೆಯನ್ನು ಬಳಸಬಾರದು. ಕೊಯ್ಯುತ್ತಿರುವಾಗ ಯಂತ್ರವನ್ನು ಪಕ್ಕಕ್ಕೆ ತಿರುಚಬಾರದು. ಬ್ಲೇಡಿನ ಮೇಲಿನ ಬಾಣದ ಗುರುತನ್ನೂ ಗಮನಿಸಬೇಕು. ಒಂದೊಂದು ಹರಳಿನ ಹಿಂದೆಯೂ ಧೂಮಕೇತುವಿನ ಬಾಲದಂತೆ ಬಂಧಕದ ಆಸರೆಯೊಂದು ಉಳಿದಿರುತ್ತದೆ. ತಿರುಗುಮುರುಗಾಗಿ ತೊಡಿಸಿದರೆ ಆ ಆಸರೆ ತಪ್ಪಿ ಹರಳುಗಳು ಬೇಗನೆ ಕಳಚುತ್ತವೆ.

ವಜ್ರವು ಎಲ್ಲವನ್ನೂ ಕೊಯ್ಯುವುದೆಂಬ ಮಾತಿಗೆ ಒಂದು ದೊಡ್ಡ ಅಪವಾದವಿದೆ. ಅದು ಕಬ್ಬಿಣ ಮತ್ತು ಉಕ್ಕು. ಉಜ್ಜುವಿಕೆಯ ಶಾಖದಲ್ಲಿ ವಜ್ರದ ಇಂಗಾಲವು ಕಬ್ಬಿಣದೊಳಕ್ಕೆ ಕರಗಿ ಸೇರತೊಡಗುತ್ತದೆ. ಕಠಿಣತೆಯಲ್ಲಿ ಸೋಲದ ವಜ್ರವು ಸ್ನೇಹದಲ್ಲಿ ಸೋಲುತ್ತದೆ ಎನ್ನಬಹುದು. ಕಾಂಕ್ರೀಟಿನೊಳಗಿನ ಕಂಬಿಯೊಂದು ನಡುವೆ ಸಿಕ್ಕರೆ ಅದಕ್ಕೆಂದೇ ಮಾಡಿದ ಬ್ಲೇಡು ದಾಟಿಕೊಂಡು ಹೋಗುತ್ತದೆ. ಆದರೆ ಉಕ್ಕಿನ ಉಪಕರಣಗಳಿಗೆ ಸಾಣೆ ಹಿಡಿಯಲು ವಜ್ರದ ಚಕ್ರವನ್ನು ಆರಿಸಬಾರದು. ಅದಕ್ಕೆ ಕುರುಂದದ ಜಾತಿಯ ಸಾಣೆಚಕ್ರವಿದೆ. ಹೆಚ್ಚು ಗಡಸಾದ ಉಕ್ಕಿಗೆ, 1957ರಲ್ಲಿ ರಾಬರ್ಟ್ ವೆಂಟಾರ್ಫ್ ಎಂಬುವರು ಬೋರಾನ್ ಮತ್ತು ನೈಟ್ರೋಜನ್ನಿನಿಂದ ತಯಾರಿಸಿದ, ಕಾಠಿಣ್ಯದಲ್ಲಿ ವಜ್ರಕ್ಕೆ ಎರಡನೆಯದಾದ ವಸ್ತುವಿನ ಚಕ್ರವಿದೆ. ಟಂಗ್‌ಸ್ಟನ್ ಕಾರ್ಬೈಡಿನ ಉಪಕರಣಗಳಿಗಾದರೆ ರಾಳದ ಬಂಧಕವಿರುವ ವಜ್ರದ ಚಕ್ರವೇ ಸರಿ. ಈ ಕಾರ್ಬೈಡನ್ನು ನಮ್ಮ ಕಾರ್ಖಾನೆಗಳ ಕೆಲಸಗಾರರು ವಿಡಿಯಾ ಎನ್ನುವುದುಂಟು. ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಮಾತುಗಳಿಂದ ಕಟ್ಟಿದ ವ್ಯಾಪಾರದ ಹೆಸರು ಅದು.

ಇನ್ನು ನೀರಿನ ವಿಚಾರ. ವಜ್ರಕ್ಕೆ ಶಾಖ ಸಹಿಸದು. ಗಾಳಿಯಲ್ಲಿ ಸುಮಾರು 700 ಡಿಗ್ರಿಗಿಂತ ಮೇಲೆ ಕಾದರೆ ಅದು, ಇದ್ದಲಿನ ಬಂಧುವಾದುದರಿಂದ, ನಿಧಾನವಾಗಿ ಸುಟ್ಟುಹೋಗತೊಡಗುತ್ತದೆ. ಬೆಸುಗೆಯೂ ಸಡಿಲವಾಗಬಹುದು; ತಟ್ಟೆಯೂ ಸೊಟ್ಟಗಾಗಬಹುದು. ನೀರಿನೊಡನೆ ಬಳಸಬೇಕೆಂದು ಬರೆದಿರುವ ಬ್ಲೇಡನ್ನು ಒಣಗಿದ್ದಂತೆಯೇ ಎಂದೂ ಓಡಿಸಬಾರದು. ಒಣಕೆಲಸಕ್ಕೆಂದು ಮಾಡಿದ ಬ್ಲೇಡನ್ನಾದರೂ ಎಡೆಬಿಡದೆ ಒತ್ತದೆ, ಆಗಾಗ ಹೊರಕ್ಕೆತ್ತಿ ಗಾಳಿಯಲ್ಲಿ ಬರಿದೆ ತಿರುಗಿಸಿ ತಣಿಸಬೇಕು. ಆದರೆ ನೀರಿಗಾಗಿ ಕಟ್ಟಿರದ ವಿದ್ಯುದ್ಯಂತ್ರದ ಮೇಲೆ ಚೆಂಬಿನಿಂದ ನೀರು ಹೊಯ್ಯುವುದು ಪ್ರಾಣಾಪಾಯ. ನೀರಿನ ಕೊಳವೆಯನ್ನು ಅಳವಡಿಸಿರುವ ಯಂತ್ರವನ್ನೇ ತರಿಸಿ, ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಹೋಗುವ ಸಾಧನವನ್ನು ಇರಿಸಿಕೊಳ್ಳಬೇಕು.

ನಾವು ಮೊದಲಿಗೆ ಹೇಳಿದ ದೊಡ್ಡ ಕಾರಣಕ್ಕೆ ಈಗ ಬಂದೆವು. ನೀರಿರುವುದು ಬ್ಲೇಡಿನ ಆಯುಸ್ಸಿಗಾಗಿ ಮಾತ್ರವಲ್ಲ, ಮನುಷ್ಯನ ಆಯುಸ್ಸಿಗಾಗಿ. ಗ್ರಾನೈಟು, ಮರಳುಕಲ್ಲು, ಕಾಂಕ್ರೀಟು, ಟೈಲುಗಳನ್ನು ಒಣಗಿದ್ದಂತೆ ಕೊಯ್ದಾಗ ಏಳುವ ಬಿಳಿಯ ಮೋಡದಲ್ಲಿ ಬೆಣಚಿನ ಧೂಳಿದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿಯೇ ಸಿಕ್ಕಿಬೀಳುತ್ತದೆ. ಅಪಾಯಕರವಾದದ್ದು ಕಾಣದಿರುವ ಧೂಳು. ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಸಣ್ಣದಾದ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನೆಲಸಿ, ಮೃದುವಾದ ಅಂಗವನ್ನು ಕಲೆಗಟ್ಟಿಸಿ ಗಡುಸು ಮಾಡುತ್ತವೆ. ಈ ರೋಗದ ಹೆಸರು ಸಿಲಿಕೋಸಿಸ್. ಸಾಮಾನ್ಯವಾಗಿ ವರ್ಷಗಳ ಮೇಲೆ ಹೊರಬೀಳುತ್ತದೆ. ಹೊರಬಿದ್ದ ಮೇಲೆ ಅದನ್ನು ಹಿಂದಿರುಗಿಸುವ ಔಷಧವಿಲ್ಲ. ಕ್ಷಯವನ್ನೂ ಸುಲಭವಾಗಿ ಬರಮಾಡಿಕೊಳ್ಳುತ್ತದೆ. ನಮ್ಮ ನಾಡಿಗೆ ಇದು ಹೊಸದಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕೆಲಸಗಾರರಲ್ಲಿ ಈ ರೋಗವು ಹರಡಿದ್ದುದನ್ನು 1940ರ ದಶಕದಲ್ಲಿ ನಡೆದ ವೈದ್ಯಪರೀಕ್ಷೆಗಳು ಬೆಳಕಿಗೆ ತಂದವು. ಅಂದು ಭೂಮಿಯ ಆಳದಲ್ಲಿದ್ದ ಧೂಳು ಇಂದು ನಮ್ಮ ಬೀದಿಯ ಮನೆಕಟ್ಟುವ ಅಂಗಳಗಳಲ್ಲಿ ಏಳುತ್ತಿದೆ. ಅಡಿಗೆಯ ಕಟ್ಟೆಗಳಿಗಾಗಿ ಬೆಣಚಿನ ಪುಡಿಯನ್ನು ರಾಳದಲ್ಲಿ ಕಲಸಿ ತಯಾರಿಸುವ ಕೃತಕ ಕಲ್ಲಿನಲ್ಲಂತೂ ಬೆಣಚಿನ ಪಾಲು ನೂರಕ್ಕೆ ತೊಂಬತ್ತರವರೆಗೂ ಇರುವುದುಂಟು. ಕೆಲಸಗಾರರು ಎಳೆಯ ವಯಸ್ಸಿನಲ್ಲಿಯೇ ರೋಗಕ್ಕೆ ತುತ್ತಾಗುವುದನ್ನು ಕಂಡು ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು.

ಮೊಂಡಾದ ಬ್ಲೇಡಿಗೂ ಈ ಧೂಳಿಗೂ ಸಂಬಂಧವುಂಟು. ತಕ್ಕ ಬ್ಲೇಡು ನೀರಿನೊಡನೆ ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸವನ್ನು ತಪ್ಪು ಬ್ಲೇಡು ಅರ್ಧ ಗಂಟೆ ಅರೆಯುತ್ತದೆ. ಅಷ್ಟು ಹೊತ್ತೂ ಕೆಲಸದವನು ಅದರ ಮೇಲೆ ಬಾಗಿ ಉಸಿರಾಡುತ್ತಿರುತ್ತಾನೆ. ಮುಖಕ್ಕೆ ಸುತ್ತಿದ ವಸ್ತ್ರವು ಆ ಸೂಕ್ಷ್ಮ ಕಣವನ್ನು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂರುವ, ಸೂಕ್ಷ್ಮ ಧೂಳನ್ನು ಸೋಸುವ ಮುಸುಕು ಬೇಕು. ನೀರೂ ಮುಸುಕೂ ಒಟ್ಟಿಗಿದ್ದರೆ ಇನ್ನೂ ಒಳ್ಳೆಯದು. ಇವುಗಳ ಬೆಲೆ ಒಂದು ಹಾಸುಗಲ್ಲಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಕೆಲಸದವನು ಕೇಳಲಿಲ್ಲವೆಂದು ಕೊಡದಿರುವುದು ನ್ಯಾಯವಲ್ಲ. ಕೆಲಸ ಮಾಡಿಸುವವರು ತಾವಾಗಿಯೇ ಒದಗಿಸತಕ್ಕದ್ದು.

ಒಟ್ಟಿನಲ್ಲಿ, ಕಲ್ಲನ್ನು ಮೊದಲು ತಿಳಿಯಿರಿ, ಅದಕ್ಕೆ ಒಪ್ಪುವ ಬಂಧಕವನ್ನು ಕೇಳಿರಿ, ಯಂತ್ರದ ಸುತ್ತಿಗೂ ಬ್ಲೇಡಿನ ಮೇರೆಗೂ ತಾಳೆ ನೋಡಿರಿ, ನೀರನ್ನು ಮರೆಯದಿರಿ. ಬ್ಲೇಡು ಸೋತಂತೆ ಕಂಡರೆ ಒತ್ತಬೇಡಿರಿ, ಕಣ್ಣು ತೆರೆಸಿರಿ. ನಮ್ಮ ಅಡಿಗೆಯ ಕಟ್ಟೆಯ ಕೆಲಸ ಮುಗಿದಾಗ ಆ ಹುಡುಗನ ಹುಬ್ಬು ರೆಪ್ಪೆಗಳೆಲ್ಲ ಮುದುಕನ ಹಾಗೆ ಬೆಳ್ಳಗಾಗಿದ್ದುವು. ಕೈಕಾಲು ತೊಳೆದುಕೊಂಡಾಗ ಹೊರಗಿನ ಬಿಳುಪು ಹೋಯಿತು. ಒಳಗೆ ಹೋದುದನ್ನು ತೊಳೆಯುವ ನೀರು ನಮ್ಮಲ್ಲಿರಲಿಲ್ಲ. ಕಟ್ಟೆಯ ಅಂಚಿನಲ್ಲಿ ಎದ್ದುಹೋದ ಆ ಚೂರಿನ ಗುರುತು ಈಗಲೂ ಇದೆ. ಅದನ್ನು ಕಂಡಾಗಲೆಲ್ಲ, ಅಂದು ಆ ಹುಡುಗನು ಕೇಳದೆಯೇ ನಾವು ಒದಗಿಸಬೇಕಾಗಿದ್ದ ನೀರೂ ಮುಸುಕೂ ನಮಗೆ ನೆನಪಾಗುತ್ತವೆ.